ಡಬ್ಬಿಯ ಮೇಲೆ ‘ಮುಚ್ಚಿಲ್ಲ’ ಎಂದು ಬರೆದಿತ್ತು

ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಕ್ಯಾಮೆರಾದ ಪುಟ್ಟ ಡಿವಿಡಿಗಳು, ಅಂದರೆ ಅಂಗೈಯಲ್ಲಿ ಹಿಡಿಸುವ 8 ಸೆಂಟಿಮೀಟರಿನ ಬಿಲ್ಲೆಗಳು ಇವೆಯೇ? ಹಾಗಿದ್ದರೆ ಪ್ರತಿ ಮಾಡಿಸಲೆಂದು ಅಂಗಡಿಗೆ ಕೊಡುವ ಮೊದಲು ಇದನ್ನು ಓದಿ. ಕಂಪ್ಯೂಟರ್ ‘ಈ ಡಿಸ್ಕ್ ಖಾಲಿ’ ಎಂದರೆ ನಂಬಬೇಡಿ. ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಎನ್ನಲಿಲ್ಲ. ಅಜ್ಜನ ಅರ್ಧ ಗಂಟೆಯ ಮಾತು ಹಾಗೆ ಹೋಯಿತು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆ. ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮಾಷ್ಟ್ರು. 2008ರಲ್ಲಿ ಅಜ್ಜನಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಮಾಡಿಸಿದ್ದೆವು. ಬೆಳಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆಯ ಮೇಲೆ ಚಾವಡಿಯಲ್ಲಿ ತಾಳಮದ್ದಳೆ, ಅಂದರೆ ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಪಾತ್ರದ ಮಾತು ಹೇಳುವ, ವೇಷವಿಲ್ಲದ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಈ ವಿಷಯದಲ್ಲಿ ಸ್ವಲ್ಪ ಜಂಭ ಇದ್ದದ್ದೇ. ಅಜ್ಜ ದೊಡ್ಡ ವೇದಿಕೆ ಏರಿದವರಲ್ಲ, ಪತ್ರಿಕೆಯಲ್ಲಿ ಹೆಸರು ಬಂದವರೂ ಅಲ್ಲ. ಆದರೆ ಸುತ್ತಲಿನ ಹತ್ತು ಮನೆಗಳಲ್ಲಿ ಕರ್ಣನ ಅರ್ಥ ಹೇಳಬೇಕೆಂದರೆ ಅವರೇ ಆಗಬೇಕಿತ್ತು. ಆ ದಿನವೂ ಕರ್ಣ ಅವರೇ. ಎದುರಿಗೆ ಶಲ್ಯನಾಗಿ ಕುಳಿತವರು ತೋಡಿನ ಆಚೆಯ ಮನೆಯ ಹಿರಿಯರು.

ಬೆಳಗ್ಗಿನ ಕಾರ್ಯಕ್ರಮದ ವಿಡಿಯೋವನ್ನು ಪೇಟೆಯ ಸ್ಟುಡಿಯೋದವರು ತೆಗೆದರು. ಊಟ ಮಾಡಿ, ವೀಳ್ಯ ಹಾಕಿಕೊಂಡು ಅವರು ಹೊರಟರು. ತಾಳಮದ್ದಳೆಯನ್ನು ತೆಗೆದವರು ಮಸ್ಕತ್‌ನಿಂದ ರಜೆಗೆ ಬಂದಿದ್ದ ಚಿಕ್ಕಪ್ಪ. ಅವರು ತಂದಿದ್ದ ಕ್ಯಾಮೆರಾ ಟೇಪಿಗಲ್ಲ, ನೇರವಾಗಿ ಪುಟ್ಟ ಡಿವಿಡಿಗೇ ಬರೆಯುತ್ತಿತ್ತು. ಅದು ಆಗ ನಮ್ಮ ಊರಿಗೆ ದೊಡ್ಡ ಸೋಜಿಗ. ಒಂದು ಬಿಲ್ಲೆಯಲ್ಲಿ 1.4 ಜಿಬಿ, ಸಾಧಾರಣ ಗುಣಮಟ್ಟದಲ್ಲಿ ಸುಮಾರು ಅರ್ಧ ಗಂಟೆ. ಅಂಥವು ನಾಲ್ಕು ತುಂಬಿದವು. ಎರಡೇ ದಿನಕ್ಕೆ ಚಿಕ್ಕಪ್ಪನಿಗೆ ವಿಮಾನ. ಹೊರಡುವ ಗಡಿಬಿಡಿಯಲ್ಲಿ ಡಬ್ಬಿಗಳ ಮೇಲೆ 1, 2, 3, 4 ಎಂದು ಬರೆದು ಅಜ್ಜಿಯ ಕೈಗಿಟ್ಟರು. 3 ಮತ್ತು 4ರ ಪಕ್ಕದಲ್ಲಿ ‘ಮುಚ್ಚಿಲ್ಲ’ ಎಂಬ ಒಂದು ಪದವೂ ಇತ್ತು.

ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಆ ಪದವನ್ನು ನಾನು ನೋಡಿದ್ದೇನೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂದು ಬರೆದಿರಬೇಕು ಎಂದುಕೊಂಡಿದ್ದೆ. ಮಕ್ಕಳಿಗೆ ಕನ್ನಡ ಪಾಠ ಹೇಳುವವನು ನಾನು!

ಅಜ್ಜ ತೀರಿಕೊಂಡದ್ದು 2011ರಲ್ಲಿ. ಆಮೇಲೆ ಪ್ರತಿ ಆಟಿ ತಿಂಗಳಲ್ಲಿ, ಹೊರಗೆ ಮಳೆ ಹೊಡೆಯುತ್ತಿರುವಾಗ, ಅಜ್ಜಿ ಸ್ಟುಡಿಯೋದ ದೊಡ್ಡ ಡಿವಿಡಿಯನ್ನು ಹಾಕಿಸಿಕೊಂಡು ನೋಡುವುದು ರೂಢಿಯಾಯಿತು. ಅವರಿಗೆ ಮೊಬೈಲ್ ಆಗುವುದಿಲ್ಲ, ಟಿವಿಯ ಕೆಳಗಿನ ಹಳೆಯ ಪ್ಲೇಯರ್ ಮಾತ್ರ ಗೊತ್ತು. ಕಳೆದ ಆಟಿಯಲ್ಲಿ ಆ ಡಿವಿಡಿ ಪೂರ್ಣಾಹುತಿಯ ಹೊತ್ತಿಗೆ ಸಿಕ್ಕಿಕೊಳ್ಳತೊಡಗಿತು. ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತು. ನಮ್ಮ ಕಡೆಯ ಮಳೆಗಾಲದ ತೇವದಲ್ಲಿ ಪುಸ್ತಕಕ್ಕೇ ಬೂಸ್ಟು ಹಿಡಿಯುತ್ತದೆ, ಇನ್ನು ಡಿಸ್ಕನ್ನು ಬಿಡುತ್ತದೆಯೇ? ಸಾಲದ್ದಕ್ಕೆ ಅದರ ಮೇಲೆ ಯಾರೋ ಬಾಲ್ ಪೆನ್ನಿನಿಂದ ಒತ್ತಿ ದಿನಾಂಕ ಬರೆದಿದ್ದರು. ಮನೆಯಲ್ಲಿ ಬರೆಯುವ ಡಿವಿಡಿಯಲ್ಲಿ ಮಾಹಿತಿ ಇರುವುದು ಒಂದು ತೆಳು ಬಣ್ಣದ ಪದರದಲ್ಲಿ. ಗೀರು, ತೇವ, ಬಿಸಿಲು ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಇರುವುದನ್ನೆಲ್ಲ ಪ್ರತಿ ಮಾಡಿಸಿಬಿಡೋಣ ಎಂದು ಒಂದು ಶನಿವಾರ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಹೆಸರು ಹೇಳುವುದಿಲ್ಲ. ಇಂಥದು ಎಲ್ಲ ಊರಿನಲ್ಲೂ ಒಂದಾದರೂ ಇದೆ.

ಮೊದಲು ದೊಡ್ಡ ಡಿವಿಡಿಯ ಕಥೆ. ಮರುದಿನ ಅಂಗಡಿಯ ಹುಡುಗ ಹೊಸ ಪ್ರತಿಯನ್ನು ತನ್ನ ಕಂಪ್ಯೂಟರಿಗೆ ಹಾಕಿ ತೋರಿಸಿದ. ಹೋಮದ ಹೊಗೆ, ಅಜ್ಜನ ಶಾಲು, ಓಡಾಡುವ ಮಕ್ಕಳು ಎಲ್ಲವೂ ಕಂಡವು. ಮೂರು ಪ್ರತಿಗೆ ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ಅಜ್ಜಿಯ ಪ್ಲೇಯರ್ ಅದನ್ನು ಸ್ವಲ್ಪ ಹೊತ್ತು ಗರಗರ ತಿರುಗಿಸಿ, ಓದಲಾಗದು ಎಂದು ಹೊರಗೆ ತಳ್ಳಿತು. ಮೂರೂ ಹಾಗೆಯೇ.

ಕಾರಣ ನನಗೆ ತಿಳಿದದ್ದು ಆಮೇಲೆ. ಪ್ಲೇಯರಿನಲ್ಲಿ ಓಡುವ ಡಿವಿಡಿಯೊಳಗೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಇರುತ್ತದೆ. ಚಿತ್ರ ಮತ್ತು ಧ್ವನಿ ಇರುವುದು ಅದರಲ್ಲಿನ ವಿಓಬಿ ಕಡತಗಳಲ್ಲಿ, ಒಂದೊಂದೂ ಹೆಚ್ಚೆಂದರೆ 1 ಜಿಬಿ. ಯಾವುದು ಮೊದಲು, ಯಾವುದು ಆಮೇಲೆ, ಮೆನುವಿನಿಂದ ಎಲ್ಲಿಗೆ ಹೋಗಬೇಕು ಎಂದು ಪ್ಲೇಯರಿಗೆ ಹೇಳುವುದು ಐಎಫ್‌ಒ ಎಂಬ ಸಣ್ಣ ಕಡತ. ತಾಳಮದ್ದಳೆಯ ಲೆಕ್ಕದಲ್ಲಿ ವಿಓಬಿಗಳು ಅರ್ಥಧಾರಿಗಳು, ಐಎಫ್‌ಒ ಭಾಗವತರು. ಹುಡುಗ ಅರ್ಥಧಾರಿಗಳನ್ನು ಮಾತ್ರ ಕರೆತಂದು ಕೂರಿಸಿದ್ದ. ಅದೂ ಸಾಲದೆಂದು, ಖಾಲಿ ಡಿಸ್ಕ್ ಹಾಕಿದಾಗ ವಿಂಡೋಸ್ ಮುಂದಿಡುವ ಎರಡು ದಾರಿಗಳಲ್ಲಿ ‘ಪೆನ್ ಡ್ರೈವ್‌ನಂತೆ’ ಎಂಬುದನ್ನು ಆರಿಸಿದ್ದ. ಹಾಗೆ ಬರೆದದ್ದು ಕಂಪ್ಯೂಟರಿಗೆ ಸರಿ, ಟಿವಿಯ ಕೆಳಗಿನ ಪ್ಲೇಯರಿಗೆ ಅಲ್ಲ. ಅವನು ತೋರಿಸಿದ್ದು ವಿಎಲ್‌ಸಿ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ. ಭಾಗವತರಿಲ್ಲದೆಯೂ ಅದು ಆಟ ನಡೆಸಿಬಿಡುತ್ತದೆ! ಆದ್ದರಿಂದ ಅಂಗಡಿಯ ಕಂಪ್ಯೂಟರಿನಲ್ಲಿ ಓಡಿತು ಎಂಬುದನ್ನು ನೋಡಿ ದುಡ್ಡು ಕೊಡಬೇಡಿ. ನಿಮ್ಮ ಪ್ಲೇಯರನ್ನೇ ಚೀಲದಲ್ಲಿ ಹೊತ್ತುಕೊಂಡು ಹೋಗಿ, ನಾಚಿಕೆ ಬೇಡ.

ವಾಪಸ್ಸು ಹೋಗಿ ಕೇಳಿದಾಗ ಅಂಗಡಿಯ ಯಜಮಾನ, “ಮಾಷೇ, ನಿಮ್ಮ ಒರಿಜಿನಲ್‌ಗೆ ಲಾಕ್ ಇದೆ, ಅದಕ್ಕೇ” ಎಂದ. ನಾನು ತಲೆಯಾಡಿಸಿದೆ. ಲಾಕ್ ಇರುವುದು ಅಂಗಡಿಯಲ್ಲಿ ಮಾರುವ ಸಿನಿಮಾ ಡಿವಿಡಿಗಳಿಗೆ. ಮದುವೆ, ಉಪನಯನದ ಡಿವಿಡಿಗೆ ಯಾರು ಲಾಕ್ ಹಾಕುತ್ತಾರೆ? ಆಮೇಲೆ ಎಂಪಿ4 ಮಾಡಿ ಮತ್ತೊಂದು ಡಿಸ್ಕ್ ಕೊಟ್ಟ. ಅಜ್ಜಿಯ ಪ್ಲೇಯರಿಗೆ ಡಿವಿಡಿಯ ಎಂಪೆಗ್-2 ಗೊತ್ತು, ಎಂಪಿ4 ಗೊತ್ತಿಲ್ಲ. ಅದೂ ಹೋಯಿತು. ದುಡ್ಡು ಹೋದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ, ಮೂಲ ಪ್ರತಿ ಕೈಯಲ್ಲಿತ್ತಲ್ಲ.

ಪುಟ್ಟ ಬಿಲ್ಲೆಗಳನ್ನು ಮಾತ್ರ ನನ್ನ ಎದುರಿಗೇ ಮಾಡಬೇಕೆಂದು ಕೂತೆ. 1 ಮತ್ತು 2 ತೊಂದರೆಯಿಲ್ಲದೆ ತೆರೆದವು. ಚೆಂಡೆಯ ಸದ್ದು ಕೇಳಿ ಪಕ್ಕದ ಚಹಾ ಅಂಗಡಿಯವರೂ ಬಂದು ಇಣುಕಿದರು. ಮೂರನೆಯದನ್ನು ಹಾಕಿದಾಗ ಪರದೆಯ ಮೇಲೆ ಖಾಲಿ ಡಿಸ್ಕ್ ಎಂದು ಬಂತು. ಹುಡುಗ ಹೊರಗೆ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿದ. ಮತ್ತೆ ಖಾಲಿ. ಡಬ್ಬಿಯನ್ನು ತಿರುಗಿಸಿ ನೋಡಿ, “ಇದೇನು ಬರೆದದ್ದು ಮಾಷೇ?” ಎಂದು ಕೇಳಿದ. ಅವನ ಮಾತು ಮಲಯಾಳ, ಕನ್ನಡ ಅಕ್ಷರ ಬಾರದು. ನಾನು, “ಏನಿಲ್ಲ, ಮುಚ್ಚಳ ಸರಿ ಇಲ್ಲವಂತೆ” ಎಂದೆ.

ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ಪೆನ್ ಡ್ರೈವ್ ಹಟ ಮಾಡಿದಾಗ ಹಾಗೆ ಮಾಡಿದರೆ ಸರಿಯಾಗುತ್ತದೆ ಎಂದ ಹುಡುಗ. ಕ್ವಿಕ್ ಎಂಬುದರ ಮುಂದಿನ ಗುರುತನ್ನು ತೆಗೆದು, ಚೆನ್ನಾಗಿ ಆಗಲಿ ಎಂದು ಪೂರ್ತಿ ಫಾರ್ಮ್ಯಾಟ್‌ಗೆ ಬಿಟ್ಟ. ಅದು ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಬಿಲ್ಲೆ, ಹಾಗಾಗಿ ಅಳಿಸಿಕೊಳ್ಳಲು ಅದಕ್ಕೇನೂ ಅಡ್ಡಿ ಇರಲಿಲ್ಲ. ಹಸಿರು ಗೆರೆ ಎಡದಿಂದ ಬಲಕ್ಕೆ ಬೆಳೆಯುವುದನ್ನು ನಾನು ಚಹಾ ಕುಡಿಯುತ್ತಾ ನೋಡಿದೆ. ಮುಗಿದ ಮೇಲೆಯೂ ಖಾಲಿ. ನಾಲ್ಕನೆಯದನ್ನು ಟ್ರೇಯಲ್ಲಿಟ್ಟ, ಅಷ್ಟರಲ್ಲಿ ಕರೆಂಟ್ ಹೋಯಿತು. ಒಂದು ಗಂಟೆ ಕಾದರೂ ಬರಲಿಲ್ಲ. ಟ್ರೇಯ ಸಣ್ಣ ತೂತಿಗೆ ಪಿನ್ನು ತೂರಿಸಿ ಬಿಲ್ಲೆಯನ್ನು ಹೊರತೆಗೆಸಿಕೊಂಡು, ಬೈದುಕೊಳ್ಳುತ್ತಾ ಬಸ್ಸು ಹತ್ತಿದೆ. ಆ ದಿನ ಕರೆಂಟಿಗೆ ಬೈದದ್ದನ್ನು ಈಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಈಗ ಮಸ್ಕತ್ ಬಿಟ್ಟು ವಿಟ್ಲದ ಹತ್ತಿರ ಇದ್ದಾರೆ. “3 ಖಾಲಿಯಾಗಿತ್ತು ಚಿಕ್ಕಪ್ಪ” ಎಂದೆ. “ಖಾಲಿ ಹೇಗಾಗುತ್ತದೆ? ಮುಚ್ಚಿಲ್ಲ ಎಂದು ಬರೆದಿದ್ದೆನಲ್ಲ!” ಎಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವರು ಮುಚ್ಚುವುದು ಎಂದದ್ದು ಫೈನಲೈಸ್ ಮಾಡುವುದನ್ನು. ಇಂಥ ಕ್ಯಾಮೆರಾ ಚಿತ್ರವನ್ನು ಬಿಲ್ಲೆಗೆ ಬರೆಯುತ್ತಾ ಹೋಗುತ್ತದೆ, ಆದರೆ ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಕೊನೆಗೆ ಒಮ್ಮೆ ಬರೆದು ಮುಗಿಸಬೇಕು. ಅಲ್ಲಿಯವರೆಗೆ ಅದನ್ನು ಓದಬಲ್ಲದ್ದು ಹೆಚ್ಚಾಗಿ ಆ ಕ್ಯಾಮೆರಾ ಮಾತ್ರ. ಬೇರೆ ಪ್ಲೇಯರಿಗೂ ಕಂಪ್ಯೂಟರಿಗೂ ಅದು ಖಾಲಿಯಾಗಿಯೇ ಕಾಣಬಹುದು, ಒಳಗೆ ಅರ್ಧ ಗಂಟೆ ತುಂಬಿದ್ದರೂ. ಎರಡು ಬಿಲ್ಲೆಗಳನ್ನು ಮುಚ್ಚಿ, ಉಳಿದೆರಡಕ್ಕೆ ಸಮಯ ಸಾಲದೆ, ಮುಂದಿನ ರಜೆಗೆ ಬಂದಾಗ ಮುಚ್ಚೋಣ ಎಂದು ಅವರು ಗುರುತು ಹಾಕಿದ್ದರು. ಮುಂದಿನ ರಜೆಗೆ ಬಂದಾಗ ಮರೆತಿದ್ದರು.

ಮೂರನೆಯ ಬಿಲ್ಲೆಯನ್ನು ಮಂಗಳೂರಿಗೂ ಕೊಂಡುಹೋದೆ. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಮುಂಭಾಗ ಮಾತ್ರ ಅಳಿದು ಒಳಗಿನದು ಏನಾದರೂ ಸಿಗುತ್ತಿತ್ತೇನೋ, ಇದರಲ್ಲಿ ಪೂರ್ತಿ ಉಜ್ಜಿಹೋಗಿದೆ ಎಂದರು ಅಲ್ಲಿಯವರು. ಅಷ್ಟನ್ನು ಹೇಳಲು ದುಡ್ಡು ತೆಗೆದುಕೊಳ್ಳಲಿಲ್ಲ.

ನಾಲ್ಕನೆಯದು ಉಳಿದ ಬಗೆಯನ್ನು ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಚಿಕ್ಕಪ್ಪನ ಅಟ್ಟದಲ್ಲಿ ಕ್ಯಾಮೆರಾ ಸಿಕ್ಕಿತು. ಬ್ಯಾಟರಿ ಉಬ್ಬಿ ಸತ್ತಿತ್ತು, ಆದರೆ ಚಾರ್ಜರ್ ಸಿಕ್ಕಿಸಿದರೆ ನೇರವಾಗಿ ನಡೆಯುತ್ತಿತ್ತು. ಫೈನಲೈಸ್ ನಡುವೆ ಕರೆಂಟ್ ಹೋದರೆ ಬಿಲ್ಲೆಯೇ ಕೆಡಬಹುದು, ಅದಕ್ಕಾಗಿ ಅವರ ಮನೆಯ ಇನ್ವರ್ಟರಿಗೆ ಸಿಕ್ಕಿಸಿದೆವು. ಮೊದಲು ಕ್ಯಾಮೆರಾದ ಪುಟ್ಟ ಪರದೆಯಲ್ಲೇ ಓಡಿಸಿ ನೋಡಿದೆವು, ಇತ್ತು. ಕ್ಯಾಮೆರಾ ಕೆಟ್ಟು ನಿಂತಿದ್ದರೆ ಅದೇ ಕಂಪೆನಿಯ ಅದೇ ಬಗೆಯ ಇನ್ನೊಂದನ್ನು ಹುಡುಕಬೇಕಾಗುತ್ತಿತ್ತು. ಆಮೇಲೆ ಮೆನುವಿನಲ್ಲಿ ಫೈನಲೈಸ್ ಒತ್ತಿ, ಮುಗಿಯುವವರೆಗೆ ಯಾರೂ ಮೇಜನ್ನು ಮುಟ್ಟದಂತೆ ಚಿಕ್ಕಪ್ಪ ಕಾವಲು ಕೂತರು.

ಮುಚ್ಚಿದ ಮೇಲೆ ಕಂಪ್ಯೂಟರ್ ಅದನ್ನು ಮರುಮಾತಿಲ್ಲದೆ ಓದಿತು. ಈ ಸಲ ಕಡತಗಳನ್ನು ಎಳೆದು ಹಾಕಲಿಲ್ಲ. ಇಡೀ ಡಿಸ್ಕನ್ನು ಇದ್ದ ಹಾಗೆಯೇ ಒಂದೇ ಐಎಸ್‌ಒ ಕಡತವಾಗಿ ತೆಗೆದೆ. ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶ ಆ ಕೆಲಸಕ್ಕೂ ಆಗುತ್ತದೆ, ಅದನ್ನು ಹೊಸ ಡಿಸ್ಕಿಗೆ ಬರೆಯುವುದಕ್ಕೂ ಆಗುತ್ತದೆ. ಕೊಂಡದ್ದು ಡಿವಿಡಿ-ಆರ್, ಏಕೆಂದರೆ ಹಳೆಯ ಪ್ಲೇಯರುಗಳು ಆರ್‌ಡಬ್ಲ್ಯುಗಿಂತ ಅದನ್ನು ಚೆನ್ನಾಗಿ ಒಪ್ಪುತ್ತವೆ. ವೇಗವನ್ನು 16ರಿಂದ ಇಳಿಸಿ 8ಕ್ಕೆ ಇಟ್ಟು, ಬರೆದ ಮೇಲೆ ತಾಳೆ ನೋಡುವ ಆಯ್ಕೆಗೂ ಗುರುತು ಹಾಕಿದೆ. ಸ್ಟುಡಿಯೋದ ಡಿವಿಡಿಯನ್ನೂ ಹೀಗೆಯೇ ಮಾಡಿದೆ. ಒದ್ದೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದ ಮೇಲೆ ಪೂರ್ಣಾಹುತಿಯ ಭಾಗವೂ ಓದಿಸಿಕೊಂಡಿತು. ಹುಡುಗನಂತೆ ಅಂಗಿಯಿಂದ ಸುತ್ತಸುತ್ತ ಉಜ್ಜಿದರೆ ಗೀರು ಮಾಹಿತಿ ಬರೆದ ಹಾದಿಯ ಉದ್ದಕ್ಕೂ ಬೀಳುತ್ತದೆ, ಅದು ಅಡ್ಡಗೀರಿಗಿಂತ ಕೆಟ್ಟದ್ದು. ಐಎಸ್‌ಒ ಕಡತಗಳು ಈಗ ನನ್ನ ಹಾರ್ಡ್ ಡಿಸ್ಕಿನಲ್ಲೂ ಇವೆ, ಬೆಂಗಳೂರಿನ ತಮ್ಮನಲ್ಲೂ ಇವೆ.

ಇನ್ನೊಂದು ಮಾತು. ಈ ಪುಟ್ಟ ಬಿಲ್ಲೆಗಳನ್ನು ಕಾರಿನಲ್ಲಿರುವಂಥ, ಸೀಳಿನೊಳಗೆ ಎಳೆದುಕೊಳ್ಳುವ ಪ್ಲೇಯರಿಗೆ ತೂರಿಸಬೇಡಿ. ಭಾವನ ಕಾರಿನದು ಒಂದನ್ನು ನುಂಗಿ, ಬಿಚ್ಚಿಸುವವರೆಗೆ ಉಗುಳಲಿಲ್ಲ. ಅದು ಖಾಲಿ ಬಿಲ್ಲೆಯಾಗಿತ್ತು, ನಿಜವಾಗಿಯೂ ಖಾಲಿ.

ಮೂರನೆಯದರ ವಿಷಯವನ್ನು ಅಜ್ಜಿಗೆ ಹೇಳಿರಲಿಲ್ಲ. ನಾಲ್ಕನೆಯದರ ಪ್ರತಿಯನ್ನು ಮೊನ್ನೆ ಅವರ ಪ್ಲೇಯರಿಗೆ ಹಾಕಿದೆ. ಒಳಗೆ ಎಳೆದುಕೊಂಡಿತು, ತಿರುಗಿತು, ಚಾವಡಿ ಕಂಡಿತು. ಮೂರನೆಯ ಬಿಲ್ಲೆ ಪೂರ್ತಿ ಅಜ್ಜನ ಕರ್ಣ, ತೊಟ್ಟ ಬಾಣವನ್ನು ಮತ್ತೊಮ್ಮೆ ತೊಡಲಾರೆ ಎನ್ನುವ ಭಾಗ. ಅದು ಮುಗಿದಲ್ಲಿಂದ ನಾಲ್ಕನೆಯದು ಶುರುವಾಗುತ್ತದೆ. ಅಜ್ಜ ಶಾಲು ಸರಿಪಡಿಸಿಕೊಂಡು ಸುಮ್ಮನೆ ಕೂತಿದ್ದಾರೆ. “ನೀನು ಹೇಳಿದ್ದೆಲ್ಲ ಸರಿ ಕರ್ಣ, ಆದರೆ ಸಾರಥಿಯ ಮಾತಿಗೂ ಒಂದು ಬೆಲೆ ಬೇಡವೇ?” ಎನ್ನುತ್ತಾನೆ ಶಲ್ಯ.

ಅಜ್ಜಿ ಕನ್ನಡಕ ಒರೆಸಿ ಹಾಕಿಕೊಂಡು, “ಸ್ವಲ್ಪ ಹಿಂದಕ್ಕೆ ಹಾಕು. ಇವರು ಏನು ಹೇಳಿದ್ದು?” ಎಂದು ಕೇಳಿದರು.

ನಾನು ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಒತ್ತಿದೆ. ಶಲ್ಯ ಮತ್ತೆ ಅದೇ ಮಾತಿನಿಂದ ಶುರುಮಾಡಿದ.