ವಿಲ್ ಚೆನ್ನಾಗಿ ಕಲಿಸುತ್ತೆ, ಗೋಯಿಂಗ್ ಟು ಕಂಡರೆ ಕೆಂಪಾಗುತ್ತೆ

ಇಂಗ್ಲಿಷ್ ಗ್ರಾಮರ್ ಕಲಿಸುವ ಈ ಆ್ಯಪನ್ನು ತುಂಬಾ ದಿನಗಳಿಂದ ಬಳಸುತ್ತಿದ್ದೇನೆ. ಸ್ಟಾರ್, ಬ್ಯಾಡ್ಜ್, ಲೆವೆಲ್ ಎಲ್ಲ ಕಡೆ ಇರುವುದೇ, ಬಿಡಿ. ನಾನು ಬರೆಯಲು ಕೂತಿದ್ದು ಸಿಂಪಲ್ ಫ್ಯೂಚರ್, ಅಂದರೆ ಮುಂದೆ ಆಗುವುದನ್ನು ವಿಲ್ ಹಾಕಿ ಹೇಳುವ ಪಾಠದ ಬಗ್ಗೆ.

ಅದರಲ್ಲಿ 'ನಾಳೆಯ ಪುಟ' ಅಂತ ಒಂದಿದೆ. ಮಲಗುವ ಮುಂಚೆ, ನಾಳೆ ಏನೇನು ಮಾಡುತ್ತೇವೆ ಅಂತ ಕೆಲವು ಸಾಲು ಬರೆಯಬೇಕು. ದೀಪ ಆರಿಸಿ, ಫೋನಿನ ಬೆಳಕು ತಗ್ಗಿಸಿ, ಹೊದಿಕೆಯೊಳಗೇ ಟೈಪ್ ಮಾಡುತ್ತೇನೆ. ಐ ವಿಲ್ ಪೇ ದ ಬಿಲ್. ಐ ವೋಂಟ್ ಸ್ಕಿಪ್ ದ ವಾಕ್. ಮರುದಿನ ರಾತ್ರಿ ಅದೇ ಸಾಲು ತೋರಿಸಿ, ಮಾಡಿದಿರಾ ಅಂತ ಕೇಳುತ್ತದೆ. ವಾಕಿಂಗ್ ಲೆಕ್ಕ ಮಾತ್ರ ಕೇಳಬೇಡಿ. ಆದರೆ ವಿಲ್ ನಾಲಿಗೆಗೆ ಹತ್ತಿತು. ಐ, ಹಿ, ದೇ ಯಾರೇ ಬಂದರೂ ಅದು ಬದಲಾಗಲ್ಲ, ಮುಂದಿನ ಕ್ರಿಯಾಪದಕ್ಕೆ ಎಸ್ ಕೂಡ ಬೇಡ. ಮಾತಿನ ಓಟದಲ್ಲಿ ಐ ವಿಲ್ ಹೇಗೆ ಐಲ್ ಆಗುತ್ತದೆ ಅನ್ನೋದನ್ನು ಆಡಿಯೊದಲ್ಲಿ ನಿಧಾನವಾಗಿ ಕೇಳಿಸುತ್ತಾರೆ. ಅದಕ್ಕೆ ಪೂರ್ತಿ ಮಾರ್ಕ್ಸ್.

ಸಿಟ್ಟು ಬರುವುದೂ ಅದೇ ಪುಟದಲ್ಲೇ. ಟಿಕೆಟ್ ತಗೊಂಡಾಗಿದೆ, ಬ್ಯಾಗ್ ತುಂಬಿಟ್ಟಾಗಿದೆ. 'ಐ ಆಮ್ ಗೋಯಿಂಗ್ ಟು ಟ್ರಾವೆಲ್ ಟುಮಾರೊ' ಅಂತ ಬರೆದರೆ ಕೆಂಪು ಗೆರೆ! ವಿಲ್ ಹಾಕಿ ಅನ್ನುತ್ತದೆ. ಮೊದಲೇ ತೀರ್ಮಾನಿಸಿದ ಕೆಲಸಕ್ಕೆ ಗೋಯಿಂಗ್ ಟು ತಾನೇ ಹೊಂದುವುದು? ಫೋನ್ ರಿಂಗಾದಾಗ ಥಟ್ಟನೆ ಎದ್ದು 'ಐಲ್ ಗೆಟ್ ಇಟ್' ಅನ್ನುತ್ತಾರಲ್ಲ, ಅಲ್ಲಿ ವಿಲ್ ಸರಿ. ಕಪ್ಪು ಮೋಡ ಕಣ್ಣೆದುರೇ ಇದ್ದರೆ 'ಇಟ್ ಈಸ್ ಗೋಯಿಂಗ್ ಟು ರೇನ್'. ರಾತ್ರಿ ಬರೆಯುವ ನಾಳೆಯ ಪ್ಲಾನ್ ಬಹುಪಾಲು ಮೊದಲೇ ಯೋಚಿಸಿಟ್ಟಿದ್ದೇ ಅಲ್ವಾ? ಅಂದರೆ ಪುಟ ಕೇಳುವುದು ಒಂದು, ತಿದ್ದುವುದು ಇನ್ನೊಂದು.

ಇನ್ನೊಂದು ಕಡೆ ಸುಮ್ನೆ ಉದಾರಿ. ಪರೀಕ್ಷೆ ಮಾಡೋಣ ಅಂತ ಬೇಕಂತಲೇ 'ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್' ಬರೆದೆ. ಹಸಿರು ಟಿಕ್ ಬಂತು! ಅಲ್ಲಿ ವೆನ್ ಹಿ ಕಮ್ಸ್ ಆಗಬೇಕಿತ್ತು. ದೂರು ಕಳಿಸಿದೆ, 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಅಚ್ಚು ಹಾಕಿದ ಉತ್ತರ ಬಂತು. ತಪ್ಪಿಗೆ ವಿವರಣೆ ಬೇಕಾದರೆ ಪ್ಲಸ್ ಪ್ಲಾನ್ ತಗೋಬೇಕಂತೆ. ಅವರ ತಪ್ಪಿಗೆ ನಾನ್ಯಾಕೆ ದುಡ್ಡು ಕೊಡಲಿ?

ಈಚಿನ ಅಪ್‌ಡೇಟ್‌ನಲ್ಲಿ 'ಷಲ್ ಐ ಓಪನ್ ದ ವಿಂಡೊ' ಥರ ವಿನಯದಿಂದ ಕೇಳುವ ಪ್ರಶ್ನೆಗಳು ಬಂದಿವೆ, ಅವು ಚೆನ್ನಾಗಿವೆ. ಈಗಷ್ಟೇ ವಿಲ್ ಕಲಿಯಲು ಶುರು ಮಾಡಿದವರು ಫ್ರೀ ಪ್ಲಾನ್‌ನಲ್ಲೇ ಧಾರಾಳವಾಗಿ ಬಳಸಿ, ಪಕ್ಕದಲ್ಲಿ ಒಂದು ಒಳ್ಳೆ ಗ್ರಾಮರ್ ಪುಸ್ತಕ ಇಟ್ಟುಕೊಳ್ಳಿ. 5ಕ್ಕೆ 3 ಸ್ಟಾರ್. ಆ ಕೆಂಪು ಗೆರೆ ಸರಿಮಾಡಿದರೆ 4 ಕೊಡುತ್ತೇನೆ.