ಚೆಕ್ ಎಂಜಿನ್ ಲೈಟ್‌ಗೆ ಬ್ಲೂಟೂತ್ ಸ್ಕ್ಯಾನರ್: ಕೋಡ್ ಓದೋದಕ್ಕಷ್ಟೇ ಆದ್ರೆ ಬೇಡ, ಗ್ರಾಫ್ ನೋಡೋದಕ್ಕಾದ್ರೆ ತಗೊಳ್ಳಿ

5ಕ್ಕೆ 3.5 ಕೊಡ್ತೀನಿ. ಅರ್ಧ ಅಂಕ ಹೋಗಿದ್ದು ಸ್ಕ್ಯಾನರ್‌ನಿಂದ, ಉಳಿದ ಒಂದು ಅಂಕ ಅದರ ಆ್ಯಪ್‌ನಿಂದ.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತಲ್ವಾ, ಒಬಿಡಿ-2 ಪೋರ್ಟ್, ಅದಕ್ಕೆ ಚುಚ್ಚಿ ಮೊಬೈಲ್‌ಗೆ ಜೋಡಿಸುವ ಪುಟ್ಟ ಡಬ್ಬಿ ಇದು, ಎಂಜಿನ್ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋಕೆ. ಒಳಗಿರೋದು ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಇಎಲ್‌ಎಂ327 ಚಿಪ್ಪಿನ ನಕಲು. ಅಗ್ಗದವು ಬಹುತೇಕ ಎಲ್ಲವೂ ಹಾಗೇ. ಕಂಪನಿ ಹೆಸರು ಹೇಳೋದಿಲ್ಲ, ಒಂದೇ ಡಬ್ಬಿ ಹತ್ತು ಹೆಸರಲ್ಲಿ ಮಾರಾಟವಾಗುತ್ತೆ. ಜೋಡಣೆ ಸಲೀಸು. ಕೀ ಆನ್ ಮಾಡಿ, ಫೋನಿನಲ್ಲಿ ಪೇರ್ ಮಾಡಿದರೆ ಮುಗೀತು. ಐಫೋನ್ ಇರುವವರು ಮಾತ್ರ ಮೊದಲೇ ವಿಚಾರಿಸಿ, ಹಳೆಯ ಬ್ಲೂಟೂತ್ ಮಾದರಿಗಳು ಅದಕ್ಕೆ ಸಿಗೋದಿಲ್ಲ. ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರೋದೇ ಬೇಕು.

ನನ್ನ ಕಾರಲ್ಲಿ ಸಿಕ್ಕ ಕೋಡ್ ಪಿ0133. ಅಂದರೆ ಬ್ಯಾಂಕ್ 1 (ಎಂಜಿನ್ನಿನ ಮೊದಲ ಸಿಲಿಂಡರ್ ಇರುವ ಬದಿ), ಆಕ್ಸಿಜನ್ ಸೆನ್ಸರ್ 1, ಪ್ರತಿಕ್ರಿಯೆ ನಿಧಾನ. ಸೆನ್ಸರ್ 1 ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ ಕೂತಿರೋದು, ಇಂಧನದ ಲೆಕ್ಕ ನಡೆಯೋದು ಮುಖ್ಯವಾಗಿ ಅದರ ಮೇಲೆ. ಕೋಡ್ ಬಂದ ತಕ್ಷಣ ಆ್ಯಪ್ ಕೆಂಪು ಡಬ್ಬಿಯಲ್ಲಿ "ಆಕ್ಸಿಜನ್ ಸೆನ್ಸರ್ ಬದಲಾಯಿಸಿ" ಅಂತ ತೋರಿಸ್ತು, ಕೆಳಗೆ ಖರೀದಿಯ ಬಟನ್ ಬೇರೆ. ನನ್ನ ತಕರಾರು ಇದೇ. ಸೆನ್ಸರ್ ಹೆಸರು ಕೋಡಿನಲ್ಲಿ ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ವೈರ್ ಸುಟ್ಟಿರಬಹುದು, ಕನೆಕ್ಟರ್‌ನಲ್ಲಿ ನೀರು ಸೇರಿರಬಹುದು, ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಪೈಪ್ ಎಲ್ಲೋ ಸೀಳಿ ಹೊರಗಿನ ಗಾಳಿ ಎಳೆದುಕೊಳ್ಳುತ್ತಾ ಇರಬಹುದು. ಕೋಡ್ ಇದ್ಯಾವುದನ್ನೂ ಹೇಳೋದಿಲ್ಲ.

ಹೇಳೋದು ಲೈವ್ ಡೇಟಾ, ಅಂದರೆ ಎಂಜಿನ್ ಓಡ್ತಿರುವಾಗಲೇ ಸೆನ್ಸರ್‌ಗಳಿಂದ ಬರುವ ಅಂಕಿಗಳು. ಈ ಡಬ್ಬಿ ದುಡ್ಡಿಗೆ ಮೋಸ ಮಾಡದೇ ಇರೋದು ಅಲ್ಲಿ.

ಮಾಮೂಲಿ ಜಿರ್ಕೋನಿಯಾ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನ ಹೊರಗಿನ ಗಾಳಿಯ ಜೊತೆ ಹೋಲಿಸಿ ವೋಲ್ಟೇಜ್ ಕೊಡುತ್ತೆ. ಪೆಟ್ರೋಲ್ ಜಾಸ್ತಿಯಾದ್ರೆ 0.9 ವೋಲ್ಟ್ ಹತ್ತಿರ, ಗಾಳಿ ಜಾಸ್ತಿಯಾದ್ರೆ 0.1 ಹತ್ತಿರ. ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನ ಸ್ವಲ್ಪ ಹೆಚ್ಚಿಸಿ, ಸ್ವಲ್ಪ ಇಳಿಸಿ, 14.7ಕ್ಕೆ 1ರ ಗಾಳಿ-ಪೆಟ್ರೋಲ್ ಅನುಪಾತದ ಆಚೀಚೆ ಆಡ್ತಾನೇ ಇರುತ್ತೆ. ಹಾಗಾಗಿ ಬಿಸಿಯಾದ ಎಂಜಿನ್ನನ್ನ 2500 ಆರ್‌ಪಿಎಂ ಹತ್ತಿರ ಹಿಡಿದರೆ, ಆರೋಗ್ಯವಾಗಿರುವ ಸೆನ್ಸರಿನ ಗೆರೆ 0.45 ವೋಲ್ಟನ್ನ ಮತ್ತೆ ಮತ್ತೆ ದಾಟ್ತಾ ಚುರುಕಾಗಿ ಮೇಲೆ ಕೆಳಗೆ ಹೋಗಬೇಕು. ನನ್ನದು ಮೇಲೇರೋಕೆ ತಿಣುಕುತ್ತಿತ್ತು. ಮೇಲೆ 0.7ರ ಹತ್ತಿರ ಬಂದು ದುಂಡಾಗಿ ಬಾಗಿ, ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಸೋಮಾರಿಯಾಗಿ ಇಳೀತಿತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಆದಮೇಲೆ ಕೂತಿರುವ ಎರಡನೇ ಸೆನ್ಸರಿನ ಗೆರೆ ಮಾತ್ರ 0.6-0.7ರಲ್ಲಿ ಹೆಚ್ಚು ಅಲುಗಾಡದೆ ನಿಂತಿತ್ತು, ಅದು ಹಾಗೇ ಇರಬೇಕು. ಅಷ್ಟರಮಟ್ಟಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿದೆ ಅಂತ ಸಮಾಧಾನ ಆಯ್ತು.

ಆದ್ರೆ ಇಲ್ಲೊಂದು ಕಿತಾಪತಿ ಇದೆ, ಡಬ್ಬಿಯ ಅರ್ಧ ಅಂಕ ಕಳೆದದ್ದು ಇದಕ್ಕೇ. ಗ್ರಾಫ್ ನಿಧಾನ ಕಂಡರೆ ಸೆನ್ಸರ್ ನಿಧಾನವೋ, ಸ್ಕ್ಯಾನರ್ ನಿಧಾನವೋ? ಒಂದೇ ಪರದೆಯಲ್ಲಿ ಆರ್‌ಪಿಎಂ, ಸ್ಪೀಡು, ಕೂಲಂಟ್ ಬಿಸಿ, ಎರಡು ಸೆನ್ಸರ್, ಎಲ್ಲ ಹಾಕಿಕೊಂಡರೆ ಡಬ್ಬಿ ಒಂದೊಂದನ್ನೇ ಸರದಿಯಲ್ಲಿ ಕೇಳುತ್ತೆ, ಪ್ರತಿಯೊಂದರ ಸರದಿ ತಡವಾಗಿ ಬರುತ್ತೆ, ಆಗ ಹೊಚ್ಚ ಹೊಸ ಸೆನ್ಸರ್ ಕೂಡ ಮುದುಕನ ಥರ ಕಾಣುತ್ತೆ. ಕ್ಯಾನ್ ಬಸ್ (ಕಾರಿನ ಕಂಪ್ಯೂಟರುಗಳು ಮಾತಾಡೋ ವೇಗದ ಜಾಲ) ಇಲ್ಲದ ಹಳೆಯ ಕಾರುಗಳಲ್ಲಂತೂ ಇನ್ನೂ ಕಷ್ಟ, ಅವುಗಳ ಸಂಪರ್ಕವೇ ನಿಧಾನ. ಹಾಗಾಗಿ ಬೇರೆ ಎಲ್ಲಾ ಗೇಜ್ ತೆಗೆದುಹಾಕಿ, ಮುಂದಿನ ಸೆನ್ಸರಿನ ವೋಲ್ಟೇಜ್ ಒಂದನ್ನೇ ಇಟ್ಟುಕೊಂಡು ನೋಡಿ. ನಾನು ಹಾಗೆ ನೋಡಿದಾಗಲೂ ಆ ದುಂಡು ತಲೆ ಹೋಗಲಿಲ್ಲ. ಆಮೇಲೆ ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒಮ್ಮೆ ಗಕ್ಕನೆ ಒತ್ತಿ ಬಿಟ್ಟೆ. ಒತ್ತಿದ ಕೂಡಲೇ ಗೆರೆ 0.9ರ ಕಡೆ ಹಾರಬೇಕು, ಬಿಟ್ಟ ಕೂಡಲೇ ತಳಕ್ಕೆ ಬೀಳಬೇಕು. ನನ್ನದು ಎರಡನ್ನೂ ತಡವಾಗಿ, ಅರೆಮನಸ್ಸಿನಿಂದ ಮಾಡ್ತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಎಕ್ಸಾಸ್ಟ್ ಜಾಯಿಂಟ್ ಹತ್ತಿರ ಕಿವಿಯಿಟ್ಟು ನೋಡಿದೆ, ಟಿಕ್ ಟಿಕ್ ಸದ್ದೂ ಇಲ್ಲ, ಮಸಿಯ ಗುರುತೂ ಇಲ್ಲ. ಕನೆಕ್ಟರ್ ಒಣಗಿತ್ತು, ಪಿನ್ನುಗಳು ಹೊಳೀತಿದ್ವು. ಅಷ್ಟಾದ ಮೇಲೇ ಸೆನ್ಸರ್ ತರಿಸಿದ್ದು.

ಬಿಚ್ಚಿದಾಗ ತುದಿ ಪೂರಾ ಕಪ್ಪು ಮಸಿ ಹಿಡಿದಿತ್ತು. ಪುಡಿ ಬಿಳಿ ಇದ್ದಿದ್ರೆ ಕೂಲಂಟ್ ಅಥವಾ ಸಿಲಿಕಾನ್ ಸೀಲಂಟ್ ಮೇಲೆ ಅನುಮಾನ ಪಡಬೇಕಿತ್ತು, ಯಾಕಂದ್ರೆ ಮೂಲ ಕಾರಣ ಬಿಟ್ಟರೆ ಹೊಸದೂ ಬೇಗ ಸಾಯುತ್ತೆ. ಬಿಚ್ಚೋಕೆ ಸಾಮಾನ್ಯವಾಗಿ 22 ಎಂಎಂ, ವೈರ್ ಹೋಗಲು ಸೀಳು ಇರುವ ಸಾಕೆಟ್ ಬೇಕು. ಹೊಸದರ ತುದಿ ಮುಟ್ಟಬೇಡಿ, ಗ್ರೀಸ್ ಏನಿದ್ದರೂ ಥ್ರೆಡ್‌ಗೆ ಮಾತ್ರ. ಹಾಕಿದ ಮೇಲೆ ಗೆರೆ ಚೂಪಾಯಿತು. ಲೈಟ್ ಮತ್ತೆ ಹತ್ತಿಲ್ಲ.

ಇದೇ ಡಬ್ಬಿ ಇನ್ನೊಂದು ಕಾರಲ್ಲಿ ತದ್ವಿರುದ್ಧ ತೀರ್ಪು ಕೊಡ್ತು. ಸಂಬಂಧಿಕರೊಬ್ಬರ ಗಾಡಿ, ಪಿ0171, ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದಿದ್ರಂತೆ. ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನ ಎಷ್ಟು ಹೆಚ್ಚು-ಕಡಿಮೆ ಮಾಡ್ತಿದೆ ಅನ್ನೋ ಅಂಕಿ, ಆ್ಯಪ್‌ನಲ್ಲಿ ತೆರೆದು ನೋಡಿದೆವು. ಐಡಲ್‌ನಲ್ಲಿ ಕಂಪ್ಯೂಟರ್ ಶೇ 20ಕ್ಕಿಂತ ಜಾಸ್ತಿ ಪೆಟ್ರೋಲ್ ಸೇರಿಸ್ತಿತ್ತು, ಆರ್‌ಪಿಎಂ ಏರಿಸಿದಂತೆ ಅದು ಸೊನ್ನೆಯ ಹತ್ತಿರ ಇಳೀತು. ಇದು ಇನ್‌ಟೇಕ್‌ನಲ್ಲಿ ಗಾಳಿ ಸೋರುವ ಲಕ್ಷಣ. ಐಡಲ್‌ನಲ್ಲಿ ಒಳಗೆ ಬರುವ ಗಾಳಿಯೇ ಕಡಿಮೆ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದು; ಆರ್‌ಪಿಎಂ ಏರಿದ ಮೇಲೆ ಆ ಪಾಲು ಲೆಕ್ಕಕ್ಕೇ ಬರೋದಿಲ್ಲ. ಹಿಂಬದಿಯ ಒಂದು ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿತ್ತು. ಪಾಪ, ಸೆನ್ಸರ್ ಇದ್ದದ್ದನ್ನ ಇದ್ದ ಹಾಗೆ ಹೇಳಿತ್ತು. ಜ್ವರ ತೋರಿಸ್ತು ಅಂತ ಥರ್ಮಾಮೀಟರ್ ಬಿಸಾಡ್ತೀರಾ?

ಡಬ್ಬಿಯ ಕೈಗೆ ಸಿಗದ ವಿಷಯಗಳೂ ಇವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೇ ಸೆನ್ಸರ್ ಸರಿಯಾಗಿ ಕೆಲಸ ಮಾಡೋದು, ಬೇಗ ಬಿಸಿಯಾಗಲಿ ಅಂತ ಒಳಗೆ ಹೀಟರ್ ಇರುತ್ತೆ. ಪಿ0135 ಬಂದರೆ ಆ ಹೀಟರ್ ಸರ್ಕ್ಯೂಟ್ ಗುಮಾನಿ, ಆಗ ಸ್ಕ್ಯಾನರ್ ಪಕ್ಕಕ್ಕಿಟ್ಟು ಮೊದಲು ಫ್ಯೂಸ್, ಆಮೇಲೆ ಮಲ್ಟಿಮೀಟರ್. ನಾಲ್ಕು ವೈರಿನ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್ ಸಾಮಾನ್ಯವಾಗಿ ಹೀಟರಿನದು, ಮೀಟರ್ ಅಲ್ಲಿ ಓಪನ್ ಅಂತ ತೋರಿಸಿದರೆ ಹೀಟರ್ ಕತೆ ಮುಗಿದ ಹಾಗೆ. ಇನ್ನೊಂದು, ಈಚಿನ ಅನೇಕ ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಸೆನ್ಸರ್, ಮಿಶ್ರಣ ಜಾಸ್ತಿಯೋ ಕಡಿಮೆಯೋ ಅನ್ನೋದಷ್ಟೇ ಅಲ್ಲ, ಎಷ್ಟು ಅಂತಲೂ ಅಳೆಯುವಂಥದ್ದು. ಅದು ಮೇಲೆ ಕೆಳಗೆ ಹಾರೋದೇ ಇಲ್ಲ, ಮೇಲೆ ಹೇಳಿದ ವೋಲ್ಟೇಜ್ ಲೆಕ್ಕ ಅದಕ್ಕೆ ನಡೆಯೋದಿಲ್ಲ. ಆ್ಯಪ್ ಇದನ್ನ ಒಂದು ಮಾತಲ್ಲಾದ್ರೂ ಹೇಳಬೇಕಿತ್ತು, ಹೇಳಿಲ್ಲ. ಸುಮ್ನೆ ನೆಟ್ಟಗಿನ ಗೆರೆ ನೋಡಿ ಎಷ್ಟು ಜನ ಚೆನ್ನಾಗಿರೋ ಸೆನ್ಸರ್ ಕಿತ್ತಿದ್ದಾರೋ.

ಆ್ಯಪ್‌ನ "ಕ್ಲಿಯರ್" ಬಟನ್ ತೀರಾ ಕೈಗೆಟುಕುವ ಜಾಗದಲ್ಲಿದೆ, ಬೆರಳು ತಾಗಿದರೆ ಸಾಕು, ಒಮ್ಮೆ ಕೇಳೋದೂ ಇಲ್ಲ. ಅದನ್ನ ಒತ್ತಿದರೆ ಕೋಡ್ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತೆ, ಅಂದರೆ ತೊಂದರೆ ಆದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಅನ್ನೋ ದಾಖಲೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇನ್ನು ಲೈಟ್ ಮಿಣುಕುತ್ತಾ ಇದ್ದರೆ ಸ್ಕ್ಯಾನರ್ ಹುಡುಕುತ್ತಾ ಓಡಿಸಬೇಡಿ. ಅದು ಮಿಸ್‌ಫೈರ್ ಇರಬಹುದು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೇ ಇರೋದು, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡುತ್ತೆ. ಗಾಡಿ ನಿಲ್ಲಿಸಿ.

ಕೊನೆಗೊಂದು ಮಾತು: ಕೆಲಸ ಮುಗಿದ ಮೇಲೆ ಡಬ್ಬಿ ಕಿತ್ತಿಡಿ. ಪೋರ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತೆ, ದಿನಗಟ್ಟಲೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಇಳಿಸೋಕೆ ಅಷ್ಟು ಸಾಕು. ಆನ್-ಆಫ್ ಸ್ವಿಚ್ ಇರುವ ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ, ನನ್ನದರಲ್ಲಿ ಇಲ್ಲ.