ಪಲ್ಪರ್ ಮನೆಯ 5 ಎಚ್‌ಪಿ ಡ್ರೈವ್: ಒಂದು ಹಂಗಾಮಿನ ಅನುಭವ

ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ಕಾಫಿ ತೋಟದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಚಾಲೂ ಮಾಡಿದಾಗಲೆಲ್ಲ ಕಾರ್ಮಿಕರ ಲೈನ್ ಮನೆಗಳ ಬಲ್ಬುಗಳು ಒಮ್ಮೆ ಮಂಕಾಗುತ್ತಿದ್ದವು. ಪೂರ್ಣ ಹೊರೆಯಲ್ಲಿ 7.5 ಆಂಪಿಯರ್ ಎಳೆಯುವ ಮೋಟಾರು ನೇರ ಸ್ಟಾರ್ಟರಿನಲ್ಲಿ ಹೊರಡುವಾಗ ಅದರ ಆರು ಪಟ್ಟು ಎಳೆಯುವುದರಿಂದ ಹೀಗಾಗುತ್ತದೆ. ಅರೇಬಿಕಾ ಕೊಯ್ಲಿಗೆ ಮುಂಚೆ ಡಿಜಿಟಲ್ ಕರೆಂಟ್ ನಿಯಂತ್ರಣವಿರುವ 3.7 ಕಿಲೋವಾಟ್‌ನ (5 ಎಚ್‌ಪಿ) ವೆಕ್ಟರ್ ಡ್ರೈವ್, ಅಂದರೆ ವೋಲ್ಟೇಜು ಮತ್ತು ಆವರ್ತನ ಬದಲಿಸಿ ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆ, ಹಾಕಿಸಿದೆ.

ಮೊದಲ ವಾರ ಹಣ ದಂಡವಾಯಿತೆಂದೇ ಅನಿಸಿತ್ತು. ಅಳವಡಿಸಲು ಬಂದವರು ವೋಲ್ಟೇಜನ್ನೂ ಆವರ್ತನವನ್ನೂ ಒಂದೇ ಅನುಪಾತದಲ್ಲಿ ಏರಿಸುವ ಕಾರ್ಖಾನೆಯ ಸೆಟ್ಟಿಂಗನ್ನು ಹಾಗೆಯೇ ಬಿಟ್ಟು ಹೋಗಿದ್ದರು. ಹಣ್ಣಿನ ಜೊತೆ ಹಸಿರು ಕಾಯಿ ಹೆಚ್ಚು ಬಂದರೆ ಸಾಕು, ಡ್ರೈವ್ ಟ್ರಿಪ್ ಆಗುತ್ತಿತ್ತು. ಕೈಪಿಡಿಯಲ್ಲಿ ಕನ್ನಡದ ಒಂದು ಸಾಲೂ ಇಲ್ಲದ್ದರಿಂದ ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಅದನ್ನು ನನ್ನ ಮುಂದಿಟ್ಟು ಸುಮ್ಮನಾದರು. ನಾನೇ ಓದಿ, ಮೋಟಾರಿನ ಫಲಕದ ಅಂಕಿಗಳನ್ನು ತುಂಬಿ, ಬೆಲ್ಟ್ ಕಳಚಿ ಆಟೋ ಟ್ಯೂನಿಂಗ್ (ಡ್ರೈವ್ ತಾನೇ ಮೋಟಾರಿನ ಗುಣಗಳನ್ನು ಅಳೆದುಕೊಳ್ಳುವುದು) ನಡೆಸಿ, ವೆಕ್ಟರ್ ಕ್ರಮಕ್ಕೆ ಬದಲಾಯಿಸಿದ ಮೇಲೆ ಯಂತ್ರದ ನಡೆಯೇ ಬೇರೆಯಾಯಿತು.

ಈ ಕ್ರಮದಲ್ಲಿ ಡ್ರೈವ್ ಮೋಟಾರಿನ ಕರೆಂಟನ್ನು ಅಳೆದು, ಕಾಂತಕ್ಷೇತ್ರ ಹುಟ್ಟಿಸುವ ಪಾಲು ಮತ್ತು ತಿರುಗುಬಲ ಕೊಡುವ ಪಾಲು ಎಂದು ಲೆಕ್ಕದಲ್ಲಿ ಬೇರ್ಪಡಿಸಿ, ಎರಡನ್ನೂ ಪ್ರತ್ಯೇಕವಾಗಿ ತಿದ್ದುತ್ತದೆ. ನಾನು ಇಟ್ಟಿರುವ 8 ಕಿಲೋಹರ್ಟ್ಸ್ ಸ್ವಿಚಿಂಗಿನಲ್ಲಿ, ಅಂದರೆ ಡ್ರೈವ್ ಸೆಕೆಂಡಿಗೆ 8 ಸಾವಿರ ಸಲ ವಿದ್ಯುತ್ತನ್ನು ಹಚ್ಚಿ ಆರಿಸುವಾಗ, ಒಂದೊಂದು ಆವೃತ್ತಿಗೆ ಸಿಗುವುದು 125 ಮೈಕ್ರೋಸೆಕೆಂಡು. ಸ್ವಿಚಿಂಗ್ ಇಳಿಸಿದರೆ ಮೋಟಾರು ಕೀರಲು ದನಿಯಲ್ಲಿ ಅರಚುತ್ತದೆ, ಏರಿಸಿದರೆ ಡ್ರೈವ್ ಬಿಸಿಯಾಗುತ್ತದೆ. ಹಳೆಯ ಅನಲಾಗ್ ಡ್ರೈವ್‌ಗಳಲ್ಲಿ ಸ್ಕ್ರೂ ತಿರುಗಿಸಿ ಹೊಂದಿಸಿದ್ದು ಬಿಸಿಗೂ ತೇವಕ್ಕೂ ಜರುಗುತ್ತಿತ್ತು. ಇಲ್ಲಿ ಎಲ್ಲವೂ ಅಂಕಿ, ನಮ್ಮ ಮಳೆಗಾಲ ಅದನ್ನು ಅಲುಗಿಸಲಾರದು. ಆದರೆ ಮೋಟಾರಿನ ತಾಮ್ರ ಬದಲಾಗುತ್ತದೆ: 50 ಡಿಗ್ರಿ ಕಾವೇರಿದರೆ ಸುರುಳಿಯ ರೋಧ ಸುಮಾರು ಶೇಕಡಾ 20 ಹೆಚ್ಚುತ್ತದೆ. ಡಿಸೆಂಬರಿನ ಚಳಿ ಬೆಳಗಿನಲ್ಲಿ ಮಾಡಿದ ಟ್ಯೂನಿಂಗ್ ಮಧ್ಯಾಹ್ನ ನಿಧಾನ ವೇಗದಲ್ಲಿ ಸ್ವಲ್ಪ ತಡವರಿಸಿದ್ದು ಇದರಿಂದಲೇ ಇರಬೇಕು.

ಕರೆಂಟ್ ಮಿತಿಯನ್ನು ಪೂರ್ಣ ಹೊರೆಯ ಕರೆಂಟಿನ ಶೇಕಡಾ 130ಕ್ಕೆ ಇಟ್ಟಿದ್ದೆ. ಒಂದು ಸಂಜೆ ಗೋಲಿ ಗಾತ್ರದ ಕಲ್ಲು ಹಣ್ಣಿನೊಂದಿಗೆ ಒಳಹೋಗಿ ಪಲ್ಪರ್ ಕಚ್ಚಿಕೊಂಡಿತು. ಡ್ರೈವಿನ ಪರದೆಯಲ್ಲಿ ಅಂಕಿ 9.7 ಆಂಪಿಯರಿಗೆ ಬಂದು ಅಲ್ಲೇ ನಿಂತಿತು, ವೇಗ ಇಳಿಯಿತು, ಅಷ್ಟರಲ್ಲಿ ಹುಡುಗರು ಸ್ವಿಚ್ ಆರಿಸಿದರು. ಮೊದಲಾಗಿದ್ದರೆ ಬೆಲ್ಟಿನ ಸುಟ್ಟ ವಾಸನೆ ಕಣದವರೆಗೂ ಬರುತ್ತಿತ್ತು.

ಕೊರತೆಗಳೂ ಇವೆ. ಒಳಗಿನ ಫಿಲ್ಟರಿನಿಂದ ನೆಲಕ್ಕೆ ಸೋರುವ ಕರೆಂಟಿಗೆ ಇಎಲ್‌ಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಎರಡು ಸಲ ವಿನಾಕಾರಣ ಬಿದ್ದಿತು. ಪೆಟ್ಟಿಗೆಗೆ ನೀರಿನಿಂದ ರಕ್ಷಣೆಯಿಲ್ಲ. ಸದಾ ನೀರು ಹರಿಯುವ ಪಲ್ಪರ್ ಮನೆಯಲ್ಲಿ ಬೇರೆ ಕಬ್ಬಿಣದ ಕಪಾಟು ಮಾಡಿಸಬೇಕಾಯಿತು, ಅದರ ಖರ್ಚನ್ನು ಮಾರಾಟಗಾರರು ಮೊದಲೇ ಹೇಳಬಹುದಿತ್ತು.

ಕಾಫಿ ಹೂ ಅರಳಿಸುವ ಹೂಮಳೆ ತಡವಾದಾಗ ಸ್ಪ್ರಿಂಕ್ಲರ್‌ಗೆ ನೀರೆತ್ತುವ ಕೆರೆಯ ಪಂಪಿಗೂ ಇದನ್ನೇ ಕೊಳ್ಳುವ ಮನಸ್ಸಿದೆ. ಆದರೆ ಅಲ್ಲಿಗೆ ಕೇಬಲ್ ಉದ್ದವಾದ್ದರಿಂದ, ಮೋಟಾರಿನ ತುದಿಯಲ್ಲಿ ವೋಲ್ಟೇಜು ಪುಟಿದೇಳದಂತೆ ತಡೆಯುವ ಚೋಕಿನ ಬೆಲೆ ಕೇಳಿಯೇ ಆರ್ಡರ್ ಕೊಡುತ್ತೇನೆ.